ಮೂಗಿನ ಮೇಲೇರಿದ ಹೆಬ್ಬೆರಳು

ಎಂದೋ ಅಳಿದ ಪ್ರಾಣಿಗಳಿಗೆ ಮೈ ಬಂದ ಕಥೆ

ಲಂಡನ್ ಮಹಾನಗರದ ದಕ್ಷಿಣ ಭಾಗದಲ್ಲಿ, ಸಿಡನ್‌ಹ್ಯಾಮ್ ಗುಡ್ಡದ ಇಳುಕಲಿನಲ್ಲಿ ವಿಶಾಲವಾದ ಉದ್ಯಾನವೊಂದಿದೆ. ಅದರ ಕೊಳದ ನಡುವಣ ದ್ವೀಪಗಳಲ್ಲಿ, ಗಿಡಮರಗಳ ಮರೆಯಿಂದ, ಲೋಕದಿಂದ ಎಂದೋ ಕಣ್ಮರೆಯಾದ ಮೃಗಗಳು ದಡದ ಮೇಲಿನ ಜನರನ್ನು ದಿಟ್ಟಿಸಿ ನೋಡುತ್ತವೆ. ಇಟ್ಟಿಗೆ, ಹೆಂಚು, ಕಬ್ಬಿಣ, ಸಿಮೆಂಟುಗಳಿಂದ ಕಟ್ಟಿದ ಈ ಪ್ರತಿಮೆಗಳು 1854ರಿಂದಲೂ ಅಲ್ಲಿ ನೆಲೆಸಿವೆ. ಅವುಗಳಲ್ಲಿ ಎರಡಕ್ಕೆ ಆನೆಯ ಕಾಲಿನಂತಹ ದಪ್ಪ ಕಾಲುಗಳು, ಭಾರವಾದ ಹೊಟ್ಟೆ, ಮೈತುಂಬ ಹುರುಪೆ. ಮೂಗಿನ ತುದಿಯಲ್ಲಿ ಘೇಂಡಾಮೃಗಕ್ಕಿರುವಂತಹ ಮೊಂಡು ಕೊಂಬು. ಇವೇ ಇಗ್ವಾನೊಡಾನ್ ಎಂಬ ಡೈನೊಸಾರ್‌ಗಳು.

ಆದರೆ ಜೀವಂತವಿದ್ದಾಗ ಇಗ್ವಾನೊಡಾನಿಗೆ ಮೂಗಿನ ಮೇಲೆ ಕೊಂಬಿರಲಿಲ್ಲ. ಶಿಲ್ಪಿಯು ಕೊಂಬೆಂದು ಭಾವಿಸಿ ಮೂಗಿಗೇರಿಸಿದ ಆ ಮೂಳೆ ವಾಸ್ತವವಾಗಿ ಅದರ ಮುಂಗೈಯ ಹೆಬ್ಬೆರಳು!

ಕೇಳಿದೊಡನೆ ನಗು ಬರುವುದು ಸಹಜ. ಆದರೆ ಆ ಪ್ರತಿಮೆಯ ಹಿಂದೆ ಇದ್ದವರು ಅಜ್ಞರಲ್ಲ, ಕಾಲ್ಪನಿಕ ಮೃಗಗಳನ್ನು ಸೃಷ್ಟಿಸಿ ಜನರನ್ನು ಬೆದರಿಸಹೊರಟವರೂ ಅಲ್ಲ. ತಮ್ಮ ಕಾಲದ ಅತ್ಯುತ್ತಮ ಅಂಗರಚನಾಶಾಸ್ತ್ರಜ್ಞರ ಸಲಹೆಯಂತೆ, ಆಗ ದೊರೆತಿದ್ದ ಪ್ರತಿಯೊಂದು ಮೂಳೆಯನ್ನೂ ಅಳೆದು ನೋಡಿ ಅದನ್ನು ನಿರ್ಮಿಸಿದ್ದರು. ಹೀಗಿದ್ದೂ ಕೈಬೆರಳು ಮೂಗಿಗೇರಿದುದು ಹೇಗೆ? ಅದನ್ನು ಸ್ವಸ್ಥಾನಕ್ಕೆ ಇಳಿಸಿದವರು ಯಾರು? ಪಠ್ಯಪುಸ್ತಕಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಮಕ್ಕಳು ಬೆರಗಿನಿಂದ ನೋಡುವ ಡೈನೊಸಾರ್ ಚಿತ್ರಗಳಲ್ಲಿ ಮೂಳೆ ನುಡಿದ ಸತ್ಯವೆಷ್ಟು, ಕುಂಚವು ಸೇರಿಸಿದ ಊಹೆಯೆಷ್ಟು? ಇಗ್ವಾನೊಡಾನಿನ ಈ ಒಂದು ಬೆರಳಿನ ಚರಿತ್ರೆಯಲ್ಲಿ ಇವುಗಳಿಗೆಲ್ಲ ಉತ್ತರ ಅಡಗಿದೆ.

ವೈದ್ಯನ ಕೈಸೇರಿದ ಹಲ್ಲುಗಳು

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಊರಿನಲ್ಲಿ ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯನಿದ್ದನು. ರೋಗಿಗಳ ಶುಶ್ರೂಷೆ ಅವನ ವೃತ್ತಿ; ಕಲ್ಲಿನಲ್ಲಿ ಹುದುಗಿದ ಪ್ರಾಚೀನ ಜೀವಿಗಳ ಅವಶೇಷಗಳನ್ನು ಸಂಗ್ರಹಿಸುವುದು ಅವನ ವ್ಯಸನ. 1822ರ ವೇಳೆಗೆ ಅವನ ಸಂಗ್ರಹಕ್ಕೆ ವಿಚಿತ್ರವಾದ ಕೆಲವು ಹಲ್ಲುಗಳು ಬಂದು ಸೇರಿದ್ದವು. ಅವುಗಳನ್ನು ಮೊದಲು ಕಂಡವಳು ಅವನ ಪತ್ನಿ ಮೇರಿ ಆನ್ ಎಂಬ ಪ್ರತೀತಿಯೂ ಇದೆ. ಹಲ್ಲುಗಳು ಸೊಪ್ಪು ಮೇಯುವ ಪ್ರಾಣಿಯ ಹಲ್ಲುಗಳಂತೆ ಸವೆದಿದ್ದವು; ಆದರೆ ಅವು ದೊರೆತ ಶಿಲೆಯಾದರೋ ದೊಡ್ಡ ಸಸ್ತನಿಗಳು ಇನ್ನೂ ಹುಟ್ಟದಿದ್ದ ಕಾಲಕ್ಕೆ ಸೇರಿದುದು. ಸೊಪ್ಪು ಮೇಯುವ ದೈತ್ಯ ಸರೀಸೃಪವೆಂದರೆ ಆಗ ಯಾರೂ ಕೇಳರಿಯದ ಮಾತು.

ಮ್ಯಾಂಟೆಲನು ಆ ಹಲ್ಲನ್ನು ಪ್ಯಾರಿಸ್ಸಿನ ಮಹಾಪಂಡಿತ ಕುವ್ಯೇಯ ಬಳಿಗೆ ಕಳುಹಿಸಿಕೊಟ್ಟನು. ಕುವ್ಯೇ ಮೊದಲ ನೋಟಕ್ಕೆ ಅದು ಘೇಂಡಾಮೃಗದ ಹಲ್ಲೆಂದು ತಳ್ಳಿಹಾಕಿದನು; ಮುಂದಿನ ವರ್ಷ ತನ್ನ ಅಭಿಪ್ರಾಯವನ್ನು ಬದಲಿಸಿ, ಹೊಸ ಬಗೆಯ ಸಸ್ಯಾಹಾರಿ ಸರೀಸೃಪವೊಂದು ದೊರೆತಿರಬಹುದೆಂದು ಒಪ್ಪಿದನು. ಈ ನಡುವೆ ಲಂಡನ್ನಿನ ಶಸ್ತ್ರವೈದ್ಯರ ಕಾಲೇಜಿನ ಸಂಗ್ರಹಾಲಯದಲ್ಲಿ ಸ್ಯಾಮ್ಯುಯೆಲ್ ಸ್ಟಚ್‌ಬರಿ ಎಂಬಾತನು ಅಮೆರಿಕ ಖಂಡದ ಇಗ್ವಾನವೆಂಬ ದೊಡ್ಡ ಹಲ್ಲಿಯ ಅಸ್ಥಿಪಂಜರವನ್ನು ಮ್ಯಾಂಟೆಲನ ಮುಂದಿರಿಸಿದನು. ಅದರ ಪುಟ್ಟ ಹಲ್ಲುಗಳ ಆಕಾರವೂ ಈ ಹಲ್ಲಿನ ಆಕಾರವೂ ಒಂದೇ! ಹೀಗೆ 1825ರಲ್ಲಿ 'ಇಗ್ವಾನದ ಹಲ್ಲುಳ್ಳದ್ದು' ಎಂಬ ಅರ್ಥದ ಇಗ್ವಾನೊಡಾನ್ ಎಂಬ ಹೆಸರು ಲೋಕಕ್ಕೆ ಬಂದಿತು.

ಹೆಸರು ಬಂದೊಡನೆ ರೂಪವೂ ಬೇಕಾಯಿತು. ಹಲ್ಲು ಇಗ್ವಾನದ ಹಲ್ಲಿಗಿಂತ ಎಷ್ಟು ಪಟ್ಟು ದೊಡ್ಡದೋ ಮೈಯೂ ಅಷ್ಟೇ ಪಟ್ಟು ದೊಡ್ಡದಿರಬೇಕೆಂದು ಎಣಿಸಿದ ಮ್ಯಾಂಟೆಲನಿಗೆ 60 ಅಡಿಗೂ ಮೀರಿದ ಮಹೋರಗವು ಕಣ್ಣಮುಂದೆ ಮೂಡಿತು. 1834ರಲ್ಲಿ ಮೇಡ್‌ಸ್ಟೋನ್ ಎಂಬಲ್ಲಿನ ಕಲ್ಲುಗಣಿಯಲ್ಲಿ ಒಂದೇ ಪ್ರಾಣಿಯ ಹಲವು ಮೂಳೆಗಳು ಒಟ್ಟಿಗೆ ದೊರೆತವು. ಮಿತ್ರರು 25 ಪೌಂಡು ಕೂಡಿಸಿ ಆ ಬಂಡೆಯನ್ನು ಅವನಿಗೆ ಕೊಡಿಸಿದರು. ಆದರೆ ಅದರಲ್ಲಿ ಮೂಳೆಗಳು ಚೆಲ್ಲಾಪಿಲ್ಲಿಯಾಗಿದ್ದವು, ತಲೆಬುರುಡೆ ಇರಲಿಲ್ಲ. ಅವನ ಸಂಗ್ರಹದಲ್ಲಿದ್ದ ಶಂಕುವಿನಾಕಾರದ ಚೂಪು ಮೂಳೆಯೊಂದಕ್ಕೆ ಎಲ್ಲಿಯೂ ಜಾಗ ಸಿಕ್ಕಲಿಲ್ಲ. ಕೆಲವು ಇಗ್ವಾನಗಳಿಗೆ ಮೂತಿಯ ಮೇಲೆ ಸಣ್ಣ ಕೊಂಬುಗಳಿರುತ್ತವೆ. ಇನ್ನೇನು ಬೇಕು? ಮ್ಯಾಂಟೆಲನು ಬಿಡಿಸಿದ ಚಿತ್ರದಲ್ಲಿ ಆ ಮೂಳೆ ಮೂಗಿನ ತುದಿಗೆ ಏರಿ ಕುಳಿತಿತು.

ಮೃಗದ ಹೊಟ್ಟೆಯಲ್ಲಿ ಔತಣ

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ್ದ ಗಾಜಿನ ಅರಮನೆಯನ್ನು ಮುಂದೆ ಸಿಡನ್‌ಹ್ಯಾಮಿಗೆ ಸಾಗಿಸಲಾಯಿತು. ಅದರ ಉದ್ಯಾನದಲ್ಲಿ ಪ್ರಾಚೀನ ಪ್ರಾಣಿಗಳನ್ನು ನಿಜಗಾತ್ರದಲ್ಲಿ ನಿಲ್ಲಿಸಬೇಕೆಂಬ ಯೋಜನೆ ಹುಟ್ಟಿತು. ಲೋಕದಲ್ಲಿ ಅದುವರೆಗೆ ಯಾರೂ ಇಂತಹ ಸಾಹಸ ಮಾಡಿರಲಿಲ್ಲ. ಸಲಹೆಗಾರನಾಗಲು ಮ್ಯಾಂಟೆಲನಿಗೆ ಕರೆ ಬಂದಿತಾದರೂ ಅವನ ಸ್ಥಿತಿ ಅದಕ್ಕೆ ತಕ್ಕಂತಿರಲಿಲ್ಲ. 1841ರ ಗಾಡಿಯ ಅಪಘಾತದಲ್ಲಿ ಬೆನ್ನೆಲುಬಿಗೆ ಪೆಟ್ಟು ತಗುಲಿ ಅವನು ನಿತ್ಯವೂ ನರಳುತ್ತಿದ್ದನು. 1852ರ ನವೆಂಬರಿನಲ್ಲಿ, ನೋವಿಗೆಂದು ಸೇವಿಸುತ್ತಿದ್ದ ಅಫೀಮಿನ ಪ್ರಮಾಣ ಮಿತಿಮೀರಿ, ಪ್ರಾಣಬಿಟ್ಟನು.

ದುರ್ದೈವವೆಂದರೆ, ಜೀವನದ ಕೊನೆಯ ವರ್ಷಗಳಲ್ಲಿ ಮ್ಯಾಂಟೆಲನು ಸತ್ಯದ ಸಮೀಪಕ್ಕೆ ಬಂದಿದ್ದನು. ಇಗ್ವಾನೊಡಾನಿನ ಮುಂಗಾಲುಗಳು ಹಿಂಗಾಲುಗಳಿಗಿಂತ ಸಣ್ಣವು, ತೆಳುವಾದವು ಎಂಬುದನ್ನು ಅವನು ಮೂಳೆಗಳಿಂದ ಕಂಡುಕೊಂಡಿದ್ದನು. ಆದರೆ ಸಲಹೆಗಾರನ ಸ್ಥಾನ ದೊರೆತುದು ಅವನ ಪ್ರತಿಸ್ಪರ್ಧಿ ರಿಚರ್ಡ್ ಓವೆನನಿಗೆ. 'ಭೀಕರ ಹಲ್ಲಿ' ಎಂಬರ್ಥದ ಡೈನೊಸಾರ್ ಎಂಬ ಪದವನ್ನು 1842ರಲ್ಲಿ ಬಳಕೆಗೆ ತಂದವನೇ ಇವನು. ಓವೆನನ ದೃಷ್ಟಿಯೂ ಸಾಮಾನ್ಯವಾದುದಲ್ಲ. ಸೊಂಟದ ಬಳಿ ಬೆನ್ನೆಲುಬಿನ ಐದು ಮಣಿಗಳು ಬೆಸೆದುಕೊಂಡಿರುವುದನ್ನು ನೋಡಿ, ಈ ಪ್ರಾಣಿಗಳು ಹಲ್ಲಿಯಂತೆ ಕಾಲುಗಳನ್ನು ಪಕ್ಕಕ್ಕೆ ಚಾಚಿ ತೆವಳದೆ, ಕಾಲುಗಳನ್ನು ಮೈಯ ಕೆಳಗೆ ನೆಟ್ಟಗೆ ಊರಿ ನಡೆಯುತ್ತಿದ್ದುವೆಂದು ಅವನು ಸಾಧಿಸಿದನು. ಇದು ಇಂದಿಗೂ ಅಲುಗದ ಸತ್ಯ. ಮ್ಯಾಂಟೆಲನ ಉದ್ದದ ಲೆಕ್ಕವನ್ನೂ ತಿದ್ದಿ 28 ಅಡಿಗೆ ಇಳಿಸಿದವನು ಅವನೇ. ಆದರೆ ಕಾಲು ನೆಟ್ಟಗಿದ್ದರೆ ಮೈಯೂ ಆನೆ-ಘೇಂಡಾಮೃಗಗಳ ಮೈಯಂತೆಯೇ ಇದ್ದಿರಬೇಕೆಂದು ಭಾವಿಸಿ, ನಾಲ್ಕು ಕಂಬಗಳಂತಹ ಕಾಲುಗಳ ಮೇಲೆ ಮೃಗವನ್ನು ನಿಲ್ಲಿಸಿದನು.

ಶಿಲ್ಪಿಯ ಹೆಸರು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. ಒಂದು ಇಗ್ವಾನೊಡಾನಿಗೆ ತಾನು ಬಳಸಿದ ಸಾಮಗ್ರಿಯ ಲೆಕ್ಕವನ್ನು ಅವನೇ ಕೊಟ್ಟಿದ್ದಾನೆ: ನಾಲ್ಕು ಕಬ್ಬಿಣದ ಕಂಬಗಳು, 600 ಇಟ್ಟಿಗೆ, ಚರಂಡಿಗೆ ಹಾಸುವ ಅರೆಗೊಳವೆಯ ಹೆಂಚು 650, ಸಾದಾ ಹೆಂಚು 900, ಸಿಮೆಂಟು 38 ಪೀಪಾಯಿ, ಒಡೆದ ಕಲ್ಲು 90 ಪೀಪಾಯಿ. ಇದು ಮೃಗವೋ ಮನೆಯೋ ಎಂಬ ಸಂದೇಹ ಬರುವಂತಹ ಲೆಕ್ಕ! 1853ರ ಡಿಸೆಂಬರ್ 31ರ ರಾತ್ರಿ, ಈ ಪ್ರತಿಮೆಯ ತೆರೆದ ಅಚ್ಚಿನೊಳಗೆ ಮೇಜು ಹಾಕಿಸಿ, ಹಾಕಿನ್ಸನು ಪಂಡಿತರಿಗೂ ಗಣ್ಯರಿಗೂ ಔತಣವಿತ್ತನು. ಮೃಗದ ತಲೆಯಿರಬೇಕಾದ ಕಡೆ ಓವೆನನಿಗೆ ಅಗ್ರಾಸನ. ಮರುವರ್ಷ ಜೂನ್ 10ರಂದು ಉದ್ಯಾನವು ತೆರೆದಾಗ ಜನ ಕಿಕ್ಕಿರಿದು ನೆರೆದರು. ಕೊಂಬಿನ ವಿಷಯದಲ್ಲಿ ಓವೆನನಿಗೇ ಸಂದೇಹವಿದ್ದಿತು. ಉದ್ಯಾನಕ್ಕಾಗಿ ತಾನು ಬರೆದ ಕೈಪಿಡಿಯಲ್ಲಿ ಅದನ್ನು ಸೂಚಿಸಿಯೂ ಇದ್ದನು. ಆದರೆ ಕೈಪಿಡಿ ಓದಿದವರೆಷ್ಟು ಮಂದಿ, ಪ್ರತಿಮೆ ನೋಡಿದವರೆಷ್ಟು ಮಂದಿ? ಕಣ್ಣಿಗೆ ಕಂಡದ್ದು ಮನಸ್ಸಿನಲ್ಲಿ ಉಳಿಯಿತು; ಅಕ್ಷರದಲ್ಲಿದ್ದ ಸಂದೇಹವು ಪುಸ್ತಕದಲ್ಲಿಯೇ ಉಳಿಯಿತು.

ಗಣಿಯ ಆಳದಿಂದ ಬಂದ ಉತ್ತರ

ಇಪ್ಪತ್ತನಾಲ್ಕು ವರ್ಷಗಳು ಕಳೆದವು. 1878ರಲ್ಲಿ ಬೆಲ್ಜಿಯಂ ದೇಶದ ಬೆರ್ನಿಸಾರ್ ಎಂಬ ಹಳ್ಳಿಯ ಕಲ್ಲಿದ್ದಲ ಗಣಿಯಲ್ಲಿ, ನೆಲದಿಂದ 322 ಮೀಟರು ಆಳದಲ್ಲಿ ಸುರಂಗ ಕೊರೆಯುತ್ತಿದ್ದ ಕೂಲಿಗಾರರಿಗೆ ಕಲ್ಲಿದ್ದಲಿಗೆ ಬದಲಾಗಿ ಜೇಡಿಮಣ್ಣು ಎದುರಾಯಿತು. ಅದರಲ್ಲಿ ಮರದ ದಿಮ್ಮಿಗಳಂತಹ ವಸ್ತುಗಳು. ಅವುಗಳೊಳಗೆ ಚಿನ್ನದಂತೆ ಹೊಳೆಯುವ ಖನಿಜ. ಆದರೆ ಅದು ಚಿನ್ನವಾಗಿರಲಿಲ್ಲ. ಕಬ್ಬಿಣ-ಗಂಧಕಗಳ ಸಂಯುಕ್ತವಾದ ಪೈರೈಟ್. ದಿಮ್ಮಿಗಳೂ ಮರವಲ್ಲ, ಮೂಳೆಗಳು. ಒಂದಲ್ಲ, ಎರಡಲ್ಲ, ಮೂವತ್ತಕ್ಕೂ ಹೆಚ್ಚು ಇಗ್ವಾನೊಡಾನ್‌ಗಳು ಅಲ್ಲಿ ಸಮಾಧಿಸ್ಥವಾಗಿದ್ದವು. ಅನೇಕವು ತಲೆಯಿಂದ ಬಾಲದ ತುದಿಯವರೆಗೆ, ಒಂದು ಮಣಿಯೂ ಕದಲದಂತೆ!

ಮೂರು ವರ್ಷ ಅಗೆತ ನಡೆಯಿತು. ಗಾಳಿ ತಾಗಿದೊಡನೆ ಪುಡಿಯಾಗುತ್ತಿದ್ದ ಮೂಳೆಗಳಿಗೆ ಪ್ಲಾಸ್ಟರಿನ ಕವಚ ಹಾಕಿ, ಸುಮಾರು 600 ದೊಡ್ಡ ಗಡ್ಡೆಗಳಾಗಿ ಮೇಲಕ್ಕೆತ್ತಿ ಬ್ರಸೆಲ್ಸಿಗೆ ಸಾಗಿಸಿದರು. ಅಲ್ಲಿ ಲೂಯಿ ದ ಪೊ ಎಂಬ ಕುಶಲಿಯ ಮೇಲ್ವಿಚಾರಣೆಯಲ್ಲಿ, ಹಳೆಯ ಪ್ರಾರ್ಥನಾಮಂದಿರವೊಂದರ ಎತ್ತರದ ಛಾವಣಿಯಡಿ, ಹಗ್ಗಗಳಿಂದ ತೂಗುಬಿಟ್ಟ ಮೂಳೆಗಳನ್ನು ಒಂದಕ್ಕೊಂದು ಜೋಡಿಸಿ 1882ರಲ್ಲಿ ಮೊದಲನೆಯ ಅಸ್ಥಿಪಂಜರವನ್ನು ನಿಲ್ಲಿಸಿದರು. ಇವುಗಳ ಅಧ್ಯಯನಕ್ಕೆ ತನ್ನ ಜೀವಿತದ ಬಹುಭಾಗವನ್ನು ಮುಡಿಪಿಟ್ಟವನು ಲೂಯಿ ಡೋಲೊ. ಅವನು ಎರಡು ಕೈಗಳನ್ನೂ ಪರೀಕ್ಷಿಸಿದಾಗ, ಮ್ಯಾಂಟೆಲನ ಆ ಅನಾಥ ಮೂಳೆ ಪ್ರತಿಯೊಂದು ಕೈಯಲ್ಲಿಯೂ ಹೆಬ್ಬೆರಳಿನ ಸ್ಥಾನದಲ್ಲಿ ಮುಳ್ಳಿನಂತೆ ನೆಟ್ಟಗೆ ನಿಂತಿತ್ತು. ಮೂಗಿನ ಮೇಲಾದರೋ ಏನೂ ಇರಲಿಲ್ಲ. ಅರ್ಧ ಶತಮಾನದಷ್ಟು ಹಳೆಯ ಊಹೆ ಹೀಗೆ ಕೊನೆಗಂಡಿತು.

ಮುರಿದ ಬಾಲ

ಇನ್ನು ತಪ್ಪಿಗೆ ಅವಕಾಶವಿಲ್ಲವೆಂದು ಎಲ್ಲರೂ ನಂಬಿದರು. ಇಡೀ ಅಸ್ಥಿಪಂಜರವೇ ಕೈಯಲ್ಲಿರುವಾಗ ಸಂದೇಹವೆಲ್ಲಿಯದು? ಆದರೆ ಮೂಳೆಗಳು ಪೂರ್ಣವಾಗಿ ದೊರೆತರೂ, ಅವುಗಳನ್ನು ಯಾವ ಭಂಗಿಯಲ್ಲಿ ನಿಲ್ಲಿಸಬೇಕೆಂಬುದನ್ನು ಮೂಳೆಗಳು ತಾವಾಗಿಯೇ ಕೂಗಿ ಹೇಳುವುದಿಲ್ಲ. ಹಿಂಗಾಲು ದೊಡ್ಡದು, ಮುಂಗಾಲು ಸಣ್ಣದು. ಇಂತಹ ಪ್ರಾಣಿ ಇಂದು ಯಾವುದಿದೆ? ಕಾಂಗರೂ ಜಾತಿಯ ಒಂದು ಪ್ರಾಣಿಯ ಅಸ್ಥಿಪಂಜರವನ್ನೂ, ಹಾರಲಾರದ ದೊಡ್ಡ ಹಕ್ಕಿಯಾದ ಕ್ಯಾಸೊವರಿಯ ಅಸ್ಥಿಪಂಜರವನ್ನೂ ಮಾದರಿಯಾಗಿಟ್ಟುಕೊಂಡು, ಇಗ್ವಾನೊಡಾನನ್ನು ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಬಾಲವನ್ನು ಮೂರನೆಯ ಕಾಲಿನಂತೆ ನೆಲಕ್ಕೆ ಊರಿಸಿದರು. ಸುಮಾರು ನೂರು ವರ್ಷಗಳ ಕಾಲ ಲೋಕದ ಪುಸ್ತಕಗಳಲ್ಲೆಲ್ಲ ಇಗ್ವಾನೊಡಾನ್ ಹೀಗೆಯೇ ನಿಂತಿತು.

1980ರಲ್ಲಿ ಬ್ರಿಟನ್ನಿನ ಡೇವಿಡ್ ನಾರ್ಮನ್ ಬೆರ್ನಿಸಾರಿನ ಮೂಳೆಗಳ ವಿಸ್ತೃತ ಅಧ್ಯಯನವನ್ನು ಪ್ರಕಟಿಸಿದರು. ಪ್ರಾಣಿಯ ಬೆನ್ನು-ಬಾಲಗಳ ಉದ್ದಕ್ಕೂ ಸ್ನಾಯುವಿನ ನಾರುಗಳು ಮೂಳೆಯಾಗಿ ಗಡುಸಾಗಿ, ಹೆಣೆದ ತಟ್ಟಿಯಂತೆ ಬಿಗಿದುಕೊಂಡಿದ್ದುದು ಅವರ ಗಮನಕ್ಕೆ ಬಂದಿತು. ಇಂತಹ ಬಾಲ ಬಾಗದು. ನೇರವಾಗಿ ಹಿಂದಕ್ಕೆ ಚಾಚಿಕೊಂಡಿರಬೇಕು. ಕಾಂಗರೂವಿನ ಬಾಲದಂತೆ ಅದನ್ನು ಬಳುಕಿಸಬೇಕಾದರೆ ಮುರಿಯದೆ ಗತ್ಯಂತರವಿಲ್ಲ! ಬಾಲ ನೇರವಾದರೆ ಬೆನ್ನೂ ನೆಲಕ್ಕೆ ಸಮಾನಾಂತರವಾಗಬೇಕು. ಕೈಯನ್ನು ನೋಡಿದರೆ, ಮಣಿಕಟ್ಟಿನ ಮೂಳೆಗಳು ಭಾರ ಹೊರುವಂತೆ ಬೆಸೆದುಕೊಂಡಿವೆ. ನಡುವಣ ಮೂರು ಬೆರಳುಗಳ ತುದಿ ಗೊರಸಿನಂತಿದೆ. ಎಂದರೆ ಇಗ್ವಾನೊಡಾನ್ ಬಹುಮಟ್ಟಿಗೆ ನಾಲ್ಕು ಕಾಲುಗಳ ಮೇಲೆಯೇ ನಡೆದಾಡುತ್ತಿದ್ದಿತು. ಬೇಕೆನಿಸಿದಾಗ ಎರಡು ಕಾಲ ಮೇಲೆ ಏಳುತ್ತಿದ್ದಿತು. ಎಲ್ಲರೂ ಹಾಸ್ಯ ಮಾಡುತ್ತಿದ್ದ ಓವೆನನ ನಾಲ್ಕು ಕಾಲಿನ ಮೃಗವು ಒಂದು ಅಂಶದಲ್ಲಿ ಸರಿಯಾಗಿಯೇ ಇದ್ದಿತು! ಬ್ರಸೆಲ್ಸಿನ ಮೂಳೆಗಳಾದರೋ ಅತಿ ಜೀರ್ಣವಾದುದರಿಂದ ಅವುಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಧೈರ್ಯ ಯಾರಿಗೂ ಬಂದಿಲ್ಲ. ಅಸ್ಥಿಪಂಜರಗಳು ಇಂದಿಗೂ ಹಳೆಯ ಭಂಗಿಯಲ್ಲಿಯೇ ನಿಂತಿವೆ.

ತಲೆ ಯಾವುದು, ಬಾಲ ಯಾವುದು?

ಇಂತಹ ಎಡವಟ್ಟು ಇಗ್ವಾನೊಡಾನ್ ಒಂದಕ್ಕೇ ಮೀಸಲಲ್ಲ. ಅಮೆರಿಕದ ಎಡ್ವರ್ಡ್ ಕೋಪ್ ಎಂಬ ಪ್ರತಿಭಾಶಾಲಿ ತರುಣನು 1868ರಲ್ಲಿ ಕ್ಯಾನ್ಸಸ್ ಪ್ರಾಂತದಿಂದ ಬಂದ ಎಲಾಸ್ಮೊಸಾರಸ್ ಎಂಬ ಕಡಲ ಸರೀಸೃಪದ ಮೂಳೆಗಳನ್ನು ಜೋಡಿಸಿದನು. ಅದರ ಕುತ್ತಿಗೆಯಲ್ಲಿ 70ಕ್ಕೂ ಹೆಚ್ಚು ಮಣಿಗಳು. ಅದನ್ನೇ ಬಾಲವೆಂದು ಭಾವಿಸಿ, ತಲೆಯನ್ನು ಬಾಲದ ತುದಿಗೆ ಅಂಟಿಸಿದನು. 1870ರಲ್ಲಿ ಹಿರಿಯ ವಿದ್ವಾಂಸ ಜೋಸೆಫ್ ಲೈಡಿ ತಪ್ಪನ್ನು ತೋರಿಸಿಕೊಟ್ಟಾಗ, ಕೋಪನು ಅಚ್ಚಾಗಿದ್ದ ಲೇಖನದ ಪ್ರತಿಗಳನ್ನೆಲ್ಲ ಹಿಂದಕ್ಕೆ ಪಡೆಯಲು ಪರದಾಡಿದನು.

ಬ್ರಾಂಟೊಸಾರಸ್ ಎಂದು ಜನಜನಿತವಾದ ದೈತ್ಯನ ಬಳಗಕ್ಕಂತೂ ಬಹುಕಾಲ ಪರರ ತಲೆಯೇ ಗತಿಯಾಗಿತ್ತು. ಮೊದಲ ಅಸ್ಥಿಪಂಜರಗಳಲ್ಲಿ ತಲೆಬುರುಡೆ ಇರಲಿಲ್ಲವಾಗಿ, ಬೇರೆಡೆ ದೊರೆತ ಬೇರೊಂದು ಜಾತಿಯ ಮೊಂಡುತಲೆಯನ್ನು ಮಾದರಿಯಾಗಿಟ್ಟುಕೊಂಡರು. ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಗ್ರಹಾಲಯದಲ್ಲಿ ಈ ಬಳಗದ ಅಪಟೊಸಾರಸ್ ನಿಂತಿದೆ. ಅದಕ್ಕೆ ಸಲ್ಲಬೇಕಾದ ನೀಳವಾದ ತಲೆಬುರುಡೆ ಅದೇ ಸಂಗ್ರಹಾಲಯದ ದಾಸ್ತಾನಿನಲ್ಲಿ ಹಲವು ದಶಕ ಬಿದ್ದಿದ್ದು, 1979ರಲ್ಲಿ ಮಾತ್ರ ಅದರ ಆಕಾರಕ್ಕೆ ಹೆಗಲ ಮೇಲೇರುವ ಭಾಗ್ಯ ಲಭಿಸಿತು.

ನಮ್ಮ ದೇಶದಲ್ಲಿಯೂ ಇದಕ್ಕೆ ಹೋಲುವ ನಿದರ್ಶನವಿದೆ. ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಭೂವಿಜ್ಞಾನ ಸಂಗ್ರಹಾಲಯದಲ್ಲಿ ಬರಪಾಸಾರಸ್ ಟಾಗೋರೈ ಎಂಬ ಮಹಾಕಾಯದ ಅಸ್ಥಿಪಂಜರವಿದೆ. ಗೋದಾವರಿ ಕಣಿವೆಯಲ್ಲಿ 1960ರ ದಶಕದ ಆರಂಭದಲ್ಲಿ ಅಗೆದು ತೆಗೆದ ಸುಮಾರು 300 ಮೂಳೆಗಳು ಕನಿಷ್ಠ ಆರು ಪ್ರಾಣಿಗಳಿಗೆ ಸೇರಿದ್ದವು. 'ದೊಡ್ಡ ಕಾಲಿನ ಹಲ್ಲಿ' ಎಂಬರ್ಥದ ಈ ಹೆಸರನ್ನು, ಕವಿ ರವೀಂದ್ರರ ಸ್ಮರಣೆಯೊಡನೆ, 1975ರಲ್ಲಿ ಇಟ್ಟರು. ಹಲ್ಲುಗಳೇನೋ ದೊರೆತವು, ತಲೆಬುರುಡೆ ಮಾತ್ರ ದೊರೆಯಲಿಲ್ಲ. ಆದುದರಿಂದ ಬರಪಾಸಾರಸಿನ ಮುಖವನ್ನು ಚಿತ್ರಿಸುವ ಯಾವ ಕಲಾವಿದನಾಗಲಿ ಅದರ ಬಂಧುಗಳ ಮುಖವನ್ನು ನೋಡಿಯೇ ಬಿಡಿಸಬೇಕು.

ಮೂಳೆಯ ಮೇಲಿನ ಬರಹ

ಹಾಗಾದರೆ ಚಿತ್ರಕಾರನಿಗೆ ಆಧಾರವೇನು? ಮೊದಲನೆಯದು, ಮೂಳೆಯ ಮೇಲಿನ ಗುರುತುಗಳು. ಮಾಂಸಖಂಡಗಳು ಅಂಟಿಕೊಂಡಿದ್ದೆಡೆಗಳಲ್ಲಿ ಮೂಳೆಯು ಒರಟಾಗಿ ಉಬ್ಬಿಯೋ ತಗ್ಗಾಗಿಯೋ ಇರುತ್ತದೆ. ಅವುಗಳನ್ನು ಓದಬಲ್ಲವನು ಯಾವ ಸ್ನಾಯು ಎಲ್ಲಿಂದೆಲ್ಲಿಗೆ ಹಾದಿತ್ತು, ಎಷ್ಟು ದಪ್ಪವಾಗಿತ್ತು ಎಂಬುದನ್ನು ತಕ್ಕಮಟ್ಟಿಗೆ ಹೇಳಬಲ್ಲನು. ಎರಡನೆಯದು, ಬದುಕಿರುವ ಬಂಧುಗಳು. ಡೈನೊಸಾರ್‌ಗಳ ಕುಲದಿಂದಲೇ ಇಂದಿನ ಹಕ್ಕಿಗಳು ಬಂದಿವೆ. ಮೊಸಳೆಗಳು ಅವುಗಳ ದಾಯಾದಿಗಳು. ಹಕ್ಕಿಗೂ ಮೊಸಳೆಗೂ ಸಮಾನವಾಗಿರುವ ಅಂಗವು ಡೈನೊಸಾರಿಗೂ ಇದ್ದಿರಬೇಕೆಂಬ ತರ್ಕವು ಬಹು ಭದ್ರವಾದುದು. ಮೂರನೆಯದು, ಹೆಜ್ಜೆಯ ಗುರುತುಗಳು. ಕಲ್ಲಾದ ಕೆಸರಿನಲ್ಲಿ ಸಾವಿರಾರು ಹೆಜ್ಜೆಗಳು ಉಳಿದಿವೆ. ಬಾಲ ಎಳೆದ ಗೆರೆಯಾದರೋ ಅತ್ಯಪೂರ್ವ. ಬಾಲವನ್ನು ನೆಲಕ್ಕೆಳೆದು ಸಾಗುವ ಹಳೆಯ ಚಿತ್ರಗಳಿಗೆ ಇದೊಂದೇ ಸಾಕ್ಷ್ಯ ಪ್ರತ್ಯುತ್ತರವಾಗಬಲ್ಲುದು.

1874ರಲ್ಲಿ ಜನಿಸಿದ ಅಮೆರಿಕದ ಚಾರ್ಲ್ಸ್ ನೈಟ್ ಈ ವಿದ್ಯೆಯ ಹಿರಿಯ ಆಚಾರ್ಯ. ದೃಷ್ಟಿ ಅತ್ಯಂತ ಮಂದವಾಗಿದ್ದರೂ, ಮೃಗಾಲಯಗಳಲ್ಲಿ ಜೀವಂತ ಪ್ರಾಣಿಗಳ ಚಲನೆಯನ್ನು ಗಮನಿಸಿ, ಸತ್ತ ಪ್ರಾಣಿಗಳ ಅಂಗರಚನೆಯನ್ನು ಅಭ್ಯಸಿಸಿ, ಬಳಿಕ ಕುಂಚ ಹಿಡಿಯುತ್ತಿದ್ದನು. 1897ರಲ್ಲಿ ಅವನು ಬಿಡಿಸಿದ, ಒಂದರ ಮೇಲೊಂದು ಎಗರಿ ಕಾದಾಡುವ ಎರಡು ಮಾಂಸಾಹಾರಿ ಡೈನೊಸಾರ್‌ಗಳ ಚಿತ್ರವು ಕಾಲಕ್ಕಿಂತ ಮುಂದಿತ್ತು. ಏಕೆಂದರೆ ಈ ಪ್ರಾಣಿಗಳು ಜಡವಾದ ತಣ್ಣನೆಯ ಉರಗಗಳೆಂಬ ನಂಬಿಕೆಯೇ ಮುಂದೆ ಬಹುಕಾಲ ಮೆರೆಯಿತು. 1964ರಲ್ಲಿ ಜಾನ್ ಆಸ್ಟ್ರಮ್ ಮೊಂಟಾನ ಪ್ರಾಂತದಲ್ಲಿ ಡೈನೊನಿಕಸ್ ಎಂಬ, ಕಾಲಿನಲ್ಲಿ ಕುಡುಗೋಲಿನಂತಹ ಉಗುರುಳ್ಳ ಚುರುಕಿನ ಬೇಟೆಗಾರ ಪ್ರಾಣಿಯನ್ನು ಕಂಡುಹಿಡಿದು 1969ರಲ್ಲಿ ಅದನ್ನು ವರ್ಣಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಸಣ್ಣ ವಿವರವೂ ಹೇಗೆ ಪರೀಕ್ಷೆಗೆ ಒಳಗಾಗುತ್ತದೆಂಬುದಕ್ಕೆ ಕೈಯೇ ಒಳ್ಳೆಯ ನಿದರ್ಶನ. ಎಷ್ಟೋ ಚಿತ್ರಗಳಲ್ಲಿ ಮಾಂಸಾಹಾರಿ ಡೈನೊಸಾರ್ ಎರಡು ಕೈಗಳನ್ನೂ ಮುಂದೆ ಮಡಿಚಿ, ಅಂಗೈಗಳನ್ನು ನೆಲದ ಕಡೆಗೆ ತಿರುಗಿಸಿಕೊಂಡು ನಿಂತಿರುತ್ತದೆ. ಆದರೆ ಅದರ ಮುಂದೋಳಿನ ಮೂಳೆಗಳು ಮನುಷ್ಯನ ಮುಂದೋಳಿನ ಮೂಳೆಗಳಂತೆ ಒಂದರ ಮೇಲೊಂದು ಹೊರಳಲಾರವು. ಚಪ್ಪಾಳೆ ತಟ್ಟುವವನ ಕೈಗಳಂತೆ ಅಂಗೈಗಳು ಎದುರುಬದುರಾಗಿಯೇ ಇರಬೇಕು. 1993ರಲ್ಲಿ ತೆರೆಕಂಡ 'ಜುರಾಸಿಕ್ ಪಾರ್ಕ್' ಚಿತ್ರದ ಡೈನೊಸಾರ್‌ಗಳ ಕೈಗಳಲ್ಲಿಯೂ ಇದೇ ದೋಷ ಉಂಟು.

ಮೂಳೆಯಿಲ್ಲದ ಅಂಗಗಳು

ಎಲ್ಲಕ್ಕಿಂತ ಕಠಿನವಾದುದು ಮೂಳೆಯೇ ಇಲ್ಲದ ಅಂಗಗಳ ಪ್ರಶ್ನೆ. ಆನೆಯ ಸೊಂಡಿಲಿನಲ್ಲಿ ಮೂಳೆಯಿಲ್ಲ. ಎತ್ತಿನ ಹಿಣಿಲು ಮಾಂಸ-ಕೊಬ್ಬುಗಳ ಮುದ್ದೆ. ಗಂಗೆದೊಗಲು ಬರಿಯ ತೊಗಲು. ಹುಂಜದ ಕೆಂಪು ಜುಟ್ಟಿನಲ್ಲಿ ಎಲುಬಿಲ್ಲ. ನವಿಲಿನ ಅಸ್ಥಿಪಂಜರದಲ್ಲಿ ಅದರ ಸಹಸ್ರಾಕ್ಷ ವೈಭವದ ಸುಳಿವೂ ಇಲ್ಲ. ಈ ಪ್ರಾಣಿಗಳನ್ನು ಎಂದೂ ಕಂಡರಿಯದ ಚಿತ್ರಕಾರನಿಗೆ ಇವುಗಳ ಮೂಳೆಗಳನ್ನು ಮಾತ್ರ ಕೊಟ್ಟು, ಕೊಟ್ಟಷ್ಟನ್ನೇ ನಂಬಿ ಬಿಡಿಸೆಂದರೆ, ಹಿಣಿಲಿಲ್ಲದ ಎತ್ತು, ಬೋಳು ನವಿಲು ಮೂಡಿಬಂದಾವು. 2012ರಲ್ಲಿ ಜಾನ್ ಕಾನ್ವೇ, ಸಿ. ಎಂ. ಕೋಸೆಮನ್, ಡ್ಯಾರೆನ್ ನೇಯ್ಷ್ ಎಂಬವರು ಒಂದು ಪುಸ್ತಕದಲ್ಲಿ ಇದನ್ನೇ ಮಾಡಿ ತೋರಿಸಿದರು. ಇಂದಿನ ಪರಿಚಿತ ಪ್ರಾಣಿಗಳನ್ನು ಮೂಳೆಗೆ ತೊಗಲು ಬಿಗಿದಂತೆ ಚಿತ್ರಿಸಿದಾಗ ಅವು ಗುರುತು ಸಿಗದ ಪಿಶಾಚಿಗಳಂತೆ ಕಂಡುವು. ಡೈನೊಸಾರ್‌ಗಳ ಬಡಕಲು ಚಿತ್ರಗಳೂ ಇಂತಹವೇ ಅಲ್ಲವೇ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಮರುವರ್ಷವೇ ಬೆಂಬಲ ದೊರೆಯಿತು. ಕೆನಡ ದೇಶದಲ್ಲಿ ದೊರೆತ ಎಡ್ಮಂಟೊಸಾರಸ್ ಒಂದರ ತಲೆಯ ಮೇಲೆ, ಚರ್ಮದ ಅಚ್ಚಿನೊಡನೆ, ಹುಂಜದ ಜುಟ್ಟಿನಂತಹ ಮೂಳೆಯಿಲ್ಲದ ಜುಟ್ಟು ಉಳಿದುಬಂದಿರುವುದಾಗಿ 2013ರಲ್ಲಿ ಪ್ರಕಟವಾಯಿತು. ನೂರಾರು ಚಿತ್ರಗಳಲ್ಲಿ ಬೋಳುತಲೆಯಿಂದಿದ್ದ ಪ್ರಾಣಿಗೆ ಹೀಗೆ ಕಿರೀಟ ಬಂದಿತು. 2023ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಟಿರಾನೊಸಾರಸ್ ಮುಂತಾದ ಭಯಂಕರ ಮೃಗಗಳ ಹಲ್ಲುಗಳು ಮೊಸಳೆಯ ಹಲ್ಲುಗಳಂತೆ ಹೊರಗೆ ಕಾಣದೆ, ಉಡದ ಹಲ್ಲುಗಳಂತೆ ತುಟಿಗಳ ಮರೆಯಲ್ಲಿದ್ದುವೆಂದು ವಾದಿಸಿದೆ. ಈ ವಾದ ನಿಂತರೆ ಭಿತ್ತಿಚಿತ್ರಗಳ ಕೋರೆದಾಡೆಗಳೆಲ್ಲ ಬಾಯೊಳಗೆ ಅಡಗಬೇಕಾದೀತು.

ಗರಿಯೂ ಬಣ್ಣವೂ

1996ರಲ್ಲಿ ಚೀಣದ ಲ್ಯವೊನಿಂಗ್ ಪ್ರಾಂತದ ಸಿನೊಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೊಸಾರ್ ಲೋಕಕ್ಕೆ ಪರಿಚಿತವಾಯಿತು. ಅದರ ಬೆನ್ನುದ್ದಕ್ಕೂ ತುಪ್ಪುಳಿನಂತಹ ಗರಿಗಳ ಕುರುಹು ಕಲ್ಲಿನಲ್ಲಿ ಅಚ್ಚೊತ್ತಿತ್ತು. ಸಿನಿಮಾದಿಂದ ಹೆಸರಾದ ವೆಲಾಸಿರ್ಯಾಪ್ಟರಿನ ಮುಂದೋಳಿನಲ್ಲಿಯೂ ಗರಿಗಳ ಬುಡ ನಾಟಿದ್ದ ಗುಬುಟುಗಳಿರುವುದನ್ನು 2007ರಲ್ಲಿ ಗುರುತಿಸಿದರು. ತೆರೆಯ ಮೇಲೆ ಆಳೆತ್ತರದ ಬೋಳುಮೈಯ ರಾಕ್ಷಸನಾಗಿದ್ದುದು, ನಿಜದಲ್ಲಿ ಟರ್ಕಿ ಕೋಳಿಯಷ್ಟು ಗಾತ್ರದ, ಗರಿ ತೊಟ್ಟ ಪ್ರಾಣಿ!

ಬಣ್ಣವನ್ನಂತೂ ಎಂದೆಂದಿಗೂ ತಿಳಿಯಲಾಗದೆಂದು ಪಂಡಿತರು ಕೈಚೆಲ್ಲಿದ್ದರು. ಆದರೆ ಗರಿಗೆ ಬಣ್ಣ ಕೊಡುವ ಅತಿ ಸೂಕ್ಷ್ಮವಾದ ವರ್ಣಕಣಗಳು ಕಲ್ಲಿನಲ್ಲಿಯೂ ಉಳಿದಿರುತ್ತವೆಂದೂ, ಅವುಗಳ ಆಕಾರದಿಂದ ಬಣ್ಣವನ್ನು ಊಹಿಸಬಹುದೆಂದೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ತೋರಿಸಿಕೊಟ್ಟಿತು. 2010ರಲ್ಲಿ ಸಿನೊಸಾರೊಪ್ಟೆರಿಕ್ಸಿನ ಬಾಲದಲ್ಲಿ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದುವೆಂದು ವಿಜ್ಞಾನಿಗಳು ಸಾರಿದರು. ಅದೇ ವರ್ಷ ಆಂಕಿಯಾರ್ನಿಸ್ ಎಂಬ ಇನ್ನೊಂದು ಡೈನೊಸಾರಿಗೆ ಕಪ್ಪು-ಬಿಳಿ ಗರಿಗಳೂ ಕೆಂಪು ಜುಟ್ಟೂ ಇದ್ದುವೆಂದು ತಿಳಿದುಬಂದಿತು. ಆದರೂ ಇಂತಹ ಸಾಕ್ಷ್ಯ ದೊರೆತ ಪ್ರಾಣಿಗಳು ಬೆರಳೆಣಿಕೆಯಷ್ಟು. ಉಳಿದವುಗಳ ಬಣ್ಣವೆಲ್ಲ ಇಂದಿಗೂ ಚಿತ್ರಕಾರನ ಔದಾರ್ಯವೇ. ಇಗ್ವಾನೊಡಾನಿನ ಬಣ್ಣವೂ ಅಷ್ಟೆ.

ಇಷ್ಟೆಲ್ಲ ತಪ್ಪುಗಳನ್ನು ನೋಡಿದವರಿಗೆ, ಈ ಚಿತ್ರಗಳನ್ನು ನಂಬುವುದಾದರೂ ಹೇಗೆ ಎಂಬ ಸಂಶಯ ಬರಬಹುದು. ಆದರೆ ಪ್ರತಿಯೊಂದು ತಪ್ಪೂ ತಿದ್ದಲ್ಪಟ್ಟ ಬಗೆಯನ್ನು ಗಮನಿಸಬೇಕು. ಹಿಂದಿನವರ ಚಿತ್ರವನ್ನು ಅಳಿಸಿದುದು ಮತ್ತೊಬ್ಬನ ಅಭಿರುಚಿಯಲ್ಲ; ಹೊಸದಾಗಿ ದೊರೆತ ಮೂಳೆ ಅಥವಾ ಹಳೆಯ ಮೂಳೆಯ ಮೇಲೆ ಹರಿದ ಹೊಸ ನೋಟ. ಮ್ಯಾಂಟೆಲನು ಚಿತ್ರ ಬಿಡಿಸದೆ ಇ‌ದ್ದಿದ್ದರೆ ಕೊಂಬು ಸರಿಯೋ ತಪ್ಪೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಾತಿನಲ್ಲಿ 'ಎಲ್ಲಿಯೋ ಒಂದು ಮುಳ್ಳು ಇದ್ದಿರಬಹುದು' ಎಂದು ಹೇಳಿ ಜಾರಿಕೊಳ್ಳಬಹುದು. ಚಿತ್ರಕಾರನಿಗೆ ಆ ಸೌಕರ್ಯವಿಲ್ಲ. ಕುಂಚವು ಅದನ್ನು ಎಲ್ಲಿಯಾದರೂ ಇಡಲೇಬೇಕು. ಇಟ್ಟ ಮೇಲೆ ಅದು ಪರೀಕ್ಷೆಗೆ ಸಿಕ್ಕುತ್ತದೆ.

ಮನೆಯ ಮಗುವೊಂದು ಬಣ್ಣಬಣ್ಣದ ಪುಸ್ತಕವನ್ನು ತಂದು, "ಅಪ್ಪಾ, ಇದು ನಿಜವಾಗಿ ಹೀಗೆಯೇ ಇತ್ತೇ?" ಎಂದು ಕೇಳಿದರೆ, ತಂದೆಯು ಹೌದೆಂದಾಗಲಿ ಅಲ್ಲವೆಂದಾಗಲಿ ಅವಸರದಿಂದ ಉತ್ತರಿಸಬೇಕಾಗಿಲ್ಲ. ಕಾಲಿನ ನಿಲುವನ್ನು ಮೂಳೆ ಹೇಳಿದೆ. ಮೈಯ ತುಂಬನ್ನು ಹಕ್ಕಿ-ಮೊಸಳೆಗಳಿಂದ ತಿಳಿದಿದ್ದಾರೆ. ಹಸಿರು ಬಣ್ಣ ಚಿತ್ರಕಾರನ ಊಹೆ ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸಬಹುದು. ಬಳಿಕ ಬಣ್ಣದ ಪೆಟ್ಟಿಗೆಯನ್ನು ಮಗುವಿನ ಕೈಗೆ ಕೊಟ್ಟು, ಉಳಿದುದನ್ನು ಊಹಿಸಲು ಬಿಡಬಹುದು. ಹೆಬ್ಬೆರಳನ್ನು ಮಾತ್ರ ಕೈಯಲ್ಲಿಯೇ ಬಿಡಿಸಬೇಕೆಂದು ಹೇಳಿಕೊಟ್ಟರೆ ಸಾಕು.